ಪಿಆರ್‌ಕೆ ಆದ ಮೇಲೆ ಕಣ್ಣೀರಿನ ಪರೀಕ್ಷೆ ಬೇಕಾ?

ಪಿಆರ್‌ಕೆ (ಕನ್ನಡಕದ ನಂಬರ್ ತೆಗೆಸುವ ಲೇಸರ್ ಆಪರೇಷನ್) ಆಗಿ ಮೂರು ವಾರ, ಇನ್ನೂ ಮಂಜು ಮಂಜು, ಕಣ್ಣೀರು ಪರೀಕ್ಷಿಸಿದರೆ ಗಾಯ ಮಾಯ್ದಿದೆಯಾ ಗೊತ್ತಾಗುತ್ತಾ ಅಂತ ಕೇಳಿದ್ದೀರಿ. ಅದೊಂದರಿಂದಲೇ ಗೊತ್ತಾಗಲ್ಲ.

ಕ್ಲಿನಿಕ್‌ನಲ್ಲಿ ಮಾಡುವ ಎಂಎಂಪಿ-9 (ಉರಿಯೂತವಿದ್ದಾಗ ಕಣ್ಣೀರಲ್ಲಿ ಏರುವ ಒಂದು ಕಿಣ್ವ) ಪರೀಕ್ಷೆ ಸುಲಭ. ಕೆಳರೆಪ್ಪೆಯ ಒಳಗೆ ಮೆತ್ತಗೆ ಒತ್ತಿ ಒಂದಿಷ್ಟು ಕಣ್ಣೀರು ತೆಗೆಯುತ್ತಾರೆ, 10 ನಿಮಿಷ ಬಿಟ್ಟು ನೋಡುತ್ತಾರೆ. ಪರೀಕ್ಷೆಯ ಪಟ್ಟಿಯಲ್ಲಿ ನೀಲಿ ಗೆರೆಯ ಜೊತೆ ಕೆಂಪು ಗೆರೆಯೂ ಮೂಡಿದರೆ ಉರಿಯೂತ ಇದೆ ಎಂದರ್ಥ. ಆದರೆ ಗಾಯ ಮಾಯುವಾಗಲೂ ಎಂಎಂಪಿ-9 ಏರುತ್ತದೆ ಅಲ್ವಾ? ಹಾಗಾಗಿ ಕೆಂಪು ಗೆರೆ ಕಂಡ ಮಾತ್ರಕ್ಕೆ ಸುಮ್ನೆ ಗಾಬರಿಯಾಗಬೇಡಿ.

ಕಾರ್ನಿಯಾದಲ್ಲಿ (ಕಣ್ಣಿನ ಮುಂಭಾಗದ ಪಾರದರ್ಶಕ ಪದರ) ಮಸುಕು ಕಟ್ಟಿಸುವುದರಲ್ಲಿ ಟಿಜಿಎಫ್-ಬೀಟಾ ಎಂಬ ಪ್ರೋಟೀನಿನ ಪಾತ್ರ ಜಾಸ್ತಿ. ಆದರೆ ಮಸುಕು ಇದೆಯಾ ಅಂತ ಡಾಕ್ಟರು ಸ್ಲಿಟ್ ಲ್ಯಾಂಪ್‌ನಲ್ಲೇ (ಕಣ್ಣು ನೋಡುವ ಬೆಳಕಿನ ಸೂಕ್ಷ್ಮದರ್ಶಕ) ನೋಡುತ್ತಾರೆ. ಒಮ್ಮೆ ತೋರಿಸಿಕೊಂಡು ಬನ್ನಿ. ಸ್ಟೀರಾಯ್ಡ್ ಹನಿಯನ್ನು ನೀವಾಗೇ ನಿಲ್ಲಿಸಬೇಡಿ. ಬಿಸಿಲಿಗೆ ಕೂಲಿಂಗ್ ಗ್ಲಾಸ್ ಇಲ್ಲದೆ ಹೋಗಲೇಬೇಡಿ.