ಎರಡು ಸೋಲಿನ ಮೇಲೆ ಷಿಕಾಗೊ ಬೇರ್ಸ್: ಓದುಗರೊಬ್ಬರ ಪತ್ರಕ್ಕೆ ಸಂಪಾದಕರ ಉತ್ತರ

ಮಾನ್ಯರೇ,

2025ರ ಸೆಪ್ಟೆಂಬರ್ 15ರಂದು ತಾವು ಬರೆದ ಪತ್ರ ತಲುಪಿದೆ. ಉಳಿದ ಓದುಗರಿಗೂ ವಿಷಯ ತಿಳಿಯಲೆಂದು ಅದರ ಸಾರವನ್ನು ಮೊದಲು ಹೇಳಿಬಿಡುತ್ತೇನೆ. ತಾವು ಹಲವು ವರ್ಷಗಳಿಂದ ಷಿಕಾಗೊದ ಹೊರವಲಯದಲ್ಲಿ ನೆಲೆಸಿದ್ದೀರಿ. ಮಗನ ಜೊತೆ ಕುಳಿತು ಅಲ್ಲಿನ ಅಮೆರಿಕನ್ ಫುಟ್‌ಬಾಲ್ ತಂಡ ಷಿಕಾಗೊ ಬೇರ್ಸ್‌ನ ಪಂದ್ಯಗಳನ್ನು ತಪ್ಪದೆ ನೋಡುತ್ತೀರಿ. ಈ ವರ್ಷದ ಮೊದಲ ಪಂದ್ಯದಲ್ಲಿ ಕೈಯಲ್ಲಿದ್ದ ಗೆಲುವನ್ನು ಮಿನ್ನೆಸೋಟ ವೈಕಿಂಗ್ಸ್‌ಗೆ 27-24ರಿಂದ ಬಿಟ್ಟುಕೊಟ್ಟ ತಂಡ, ಆರು ದಿನಗಳ ನಂತರ ಡೆಟ್ರಾಯಿಟ್ ಲಯನ್ಸ್ ಎದುರು 52-21ರಿಂದ ನೆಲಕಚ್ಚಿದಾಗ, ‘ಈ ವರ್ಷದ ಕಥೆ ಮುಗಿಯಿತು’ ಎಂದು ತಾವು ಹೇಳಿದಿರಿ, ಮಗ ಒಪ್ಪಲಿಲ್ಲ. ಎರಡೇ ಪಂದ್ಯಗಳಿಂದ ಒಂದು ತಂಡವನ್ನು ಅಳೆಯಬಹುದೇ, ಅಳೆಯುವುದಾದರೆ ಏನನ್ನು ನೋಡಿ ಅಳೆಯಬೇಕು ಎಂಬುದು ತಮ್ಮ ಪ್ರಶ್ನೆ. ಹೊಸ ಮುಖ್ಯ ತರಬೇತುದಾರ ಬೆನ್ ಜಾನ್ಸನ್ ಅವರ ಮೇಲೆ ಇಟ್ಟ ನಂಬಿಕೆ ಹುಸಿಯಾಯಿತೇ ಎಂದೂ ಕೊನೆಯಲ್ಲಿ ಕೇಳಿದ್ದೀರಿ.

ನಾನು ಉತ್ತರಿಸಲು ಕುಳಿತಿರುವ ಹೊತ್ತಿಗೆ ಬೇರ್ಸ್ ತಂಡ ತವರಿನ ಸೋಲ್ಜರ್ ಫೀಲ್ಡ್‌ನಲ್ಲಿ ಡಲ್ಲಾಸ್ ಕೌಬಾಯ್ಸ್ ತಂಡವನ್ನು 31-14ರಿಂದ ಸೋಲಿಸಿದೆ. ಕ್ವಾರ್ಟರ್‌ಬ್ಯಾಕ್ (ಆಕ್ರಮಣವನ್ನು ಮುನ್ನಡೆಸಿ ಚೆಂಡು ಎಸೆಯುವ ಆಟಗಾರ) ಕೇಲೆಬ್ ವಿಲಿಯಮ್ಸ್ ನಾಲ್ಕು ಟಚ್‌ಡೌನ್ ಎಸೆದಿದ್ದಾರೆ, ಅಂದರೆ ಅವರು ಎಸೆದ ಚೆಂಡು ನಾಲ್ಕು ಬಾರಿ ಎದುರಾಳಿಯ ಗೋಲ್ ಗೆರೆ ದಾಟಿದೆ. ಈ ಗೆಲುವನ್ನು ಮುಂದಿಟ್ಟು ‘ಮಗನ ಮಾತೇ ಸರಿ’ ಎಂದು ಒಂದೇ ಸಾಲಿನಲ್ಲಿ ಉತ್ತರ ಮುಗಿಸಲು ನನಗೆ ಮನಸ್ಸಿಲ್ಲ. ಎರಡು ಸೋಲನ್ನು ಕಂಡು ಅವಸರದ ತೀರ್ಮಾನಕ್ಕೆ ಬರಬಾರದು ಎನ್ನುವವನು ಒಂದು ಗೆಲುವನ್ನು ಕಂಡು ಅದೇ ಅವಸರ ಮಾಡುವುದು ನ್ಯಾಯವಲ್ಲ.

ತಮ್ಮ ಆತಂಕಕ್ಕೆ ಆಧಾರವಿಲ್ಲವೆಂದು ನಾನು ಹೇಳುವುದಿಲ್ಲ. ಬೇಸ್‌ಬಾಲ್ ತಂಡವೊಂದು ವರ್ಷಕ್ಕೆ 162 ಪಂದ್ಯಗಳನ್ನು ಆಡುತ್ತದೆ. ಅಲ್ಲಿ ಮೊದಲೆರಡನ್ನು ಸೋತರೆ ಯಾರೂ ಲೆಕ್ಕಕ್ಕಿಡುವುದಿಲ್ಲ. ಅಮೆರಿಕನ್ ಫುಟ್‌ಬಾಲ್‌ನ ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್‌ನ 32 ತಂಡಗಳಿಗೆ 2021ರಿಂದ ತಲಾ 17 ಪಂದ್ಯಗಳಿವೆ, ಪ್ಲೇಆಫ್‌ಗೆ ಹೋಗುವವು 14 ತಂಡಗಳು. ಎರಡು ಸೋಲೆಂದರೆ ವರ್ಷದ ಎಂಟನೆಯ ಒಂದು ಭಾಗದಷ್ಟು ಕೈಬಿಟ್ಟುಹೋದಂತೆ. 1990ರಿಂದೀಚೆಗೆ ಮೊದಲ ಎರಡನ್ನೂ ಸೋತ ತಂಡಗಳ ಪೈಕಿ ಪ್ಲೇಆಫ್ ತಲುಪಿದವು ಹತ್ತರಲ್ಲಿ ಒಂದಕ್ಕಿಂತ ತುಸು ಹೆಚ್ಚು, ಅಷ್ಟೇ. ಆದರೆ ಈ ಲೆಕ್ಕವನ್ನು ಓದುವಾಗ ಒಂದು ಎಚ್ಚರ ಬೇಕು. ಮೊದಲೆರಡನ್ನು ಸೋಲುವ ತಂಡಗಳಲ್ಲಿ ಬಹುಪಾಲು ಮೊದಲೇ ದುರ್ಬಲವಾಗಿದ್ದವು. ಅವು ಮೊದಲೆರಡನ್ನು ಗೆದ್ದಿದ್ದರೂ ಡಿಸೆಂಬರ್ ಹೊತ್ತಿಗೆ ಅದೇ ಜಾಗದಲ್ಲಿ ಇರುತ್ತಿದ್ದವು. ಹಾಗಾಗಿ ಕೇಳಬೇಕಾದ ಪ್ರಶ್ನೆ ಬೇರ್ಸ್ ಎರಡು ಸೋತಿತೇ ಎಂಬುದಲ್ಲ, ಸೋತ ಬೇರ್ಸ್ ಆ ದುರ್ಬಲ ತಂಡಗಳ ಸಾಲಿಗೆ ಸೇರಿದ್ದೇ ಎಂಬುದು.

ಸೆಪ್ಟೆಂಬರ್ ತಿಂಗಳ ಆಟವೇ ಈಗ ಮೊದಲಿನಂತಿಲ್ಲ ಎಂಬುದನ್ನೂ ನೆನಪಿಡಬೇಕು. ಆಟಗಾರರ ಸಂಘ ಮತ್ತು ಲೀಗ್ ನಡುವಿನ 2011ರ ಒಪ್ಪಂದದ ನಂತರ ಆಟಗಾರರು ಪೂರ್ಣ ಕವಚ ತೊಟ್ಟು ಅಭ್ಯಾಸ ಮಾಡುವ ದಿನಗಳಿಗೆ ಮಿತಿ ಬಿದ್ದಿದೆ, ದಿನಕ್ಕೆರಡು ಬಾರಿ ಕವಚ ತೊಟ್ಟು ಮೈಗೆ ಮೈ ತಾಗಿಸುವ ಹಳೆಯ ಶಿಬಿರಗಳು ಹೋಗಿವೆ, ಅಭ್ಯಾಸ ಪಂದ್ಯಗಳು ಮೂರಕ್ಕೆ ಇಳಿದಿವೆ, ಆ ಮೂರರಲ್ಲೂ ಗಾಯದ ಭಯದಿಂದ ಪ್ರಮುಖರನ್ನು ಹೆಚ್ಚಾಗಿ ಹೊರಗೆ ಕೂರಿಸುತ್ತಾರೆ. ಆಟಗಾರರ ದೇಹದ ದೃಷ್ಟಿಯಿಂದ ಇದೆಲ್ಲ ಒಳ್ಳೆಯದೇ, ಈ ಆಟ ಆ ದೇಹಗಳಿಂದ ಎಷ್ಟನ್ನು ಕಿತ್ತುಕೊಳ್ಳುತ್ತದೆ ಎಂಬುದನ್ನು ಬಲ್ಲವರು ಯಾರೂ ಹಳೆಯ ಪದ್ಧತಿ ಮರಳಲಿ ಎನ್ನಲಾರರು. ಆದರೆ ಅದರ ಫಲವಾಗಿ, ಹನ್ನೊಂದು ಜನ ಒಂದೇ ದೇಹದಂತೆ ಚಲಿಸುವುದನ್ನು ಕಲಿಯುವ ಕೆಲಸ ಲೆಕ್ಕಕ್ಕೆ ಬರುವ ಪಂದ್ಯಗಳಲ್ಲಿಯೇ ನಡೆಯುತ್ತಿದೆ. ಹೊಸ ತರಬೇತುದಾರ, ಹೊಸ ಪದ್ಧತಿ ಇರುವ ತಂಡಕ್ಕೆ ಇದರ ಪೆಟ್ಟು ಹೆಚ್ಚು.

ದೂರದ ಉದಾಹರಣೆಗಳೇನೂ ಬೇಡ, ಕಳೆದ ವರ್ಷವನ್ನೇ ನೋಡಿ. 2024ರಲ್ಲಿ ಮೊದಲ ಎರಡನ್ನೂ ಸೋತ ಮೂರು ತಂಡಗಳು, ಬಾಲ್ಟಿಮೋರ್ ರೇವನ್ಸ್, ಡೆನ್ವರ್ ಬ್ರಾಂಕೋಸ್ ಮತ್ತು ಲಾಸ್ ಏಂಜಲೀಸ್ ರ್‍ಯಾಮ್ಸ್, ಪ್ಲೇಆಫ್ ತಲುಪಿದವು. ಇವುಗಳಲ್ಲಿ ರ್‍ಯಾಮ್ಸ್ ತಂಡದ ಕಥೆ ತಮಗೆ ಹತ್ತಿರದ್ದು. ಎರಡನೆಯ ಪಂದ್ಯದಲ್ಲಿ ಅರಿಜೋನಾ ಅವರನ್ನು 41-10ರಿಂದ ಬಡಿದುಹಾಕಿತು. ಮೊದಲ ಐದರಲ್ಲಿ ಅವರು ಗೆದ್ದದ್ದು ಒಂದನ್ನು. ವರ್ಷದ ಕೊನೆಗೆ 10 ಗೆಲುವು, 7 ಸೋಲಿನೊಂದಿಗೆ ತಮ್ಮ ವಿಭಾಗದ ಅಗ್ರಸ್ಥಾನ ಅವರದೇ ಆಗಿತ್ತು. ಅದೇ ವರ್ಷ ನ್ಯೂ ಆರ್ಲಿಯನ್ಸ್ ಸೇಂಟ್ಸ್ ಮೊದಲ ಪಂದ್ಯದಲ್ಲಿ 47, ಎರಡನೆಯದರಲ್ಲಿ 44, ಒಟ್ಟು 91 ಅಂಕ ಗಳಿಸಿ ದೇಶವನ್ನೇ ಬೆರಗುಗೊಳಿಸಿತು. ಮುಂದಿನ ಏಳು ಪಂದ್ಯಗಳನ್ನು ಸತತವಾಗಿ ಸೋತಿತು, ಮುಖ್ಯ ತರಬೇತುದಾರ ಡೆನ್ನಿಸ್ ಅಲೆನ್ ನವೆಂಬರ್‌ನಲ್ಲಿ ಕೆಲಸ ಕಳೆದುಕೊಂಡರು, ವರ್ಷ ಮುಗಿದದ್ದು 5 ಗೆಲುವು, 12 ಸೋಲಿನಲ್ಲಿ. ಆ ಡೆನ್ನಿಸ್ ಅಲೆನ್ ಅವರೇ ಇಂದು ತಮ್ಮ ಬೇರ್ಸ್ ತಂಡದ ರಕ್ಷಣಾ ವಿಭಾಗವನ್ನು ನೋಡಿಕೊಳ್ಳುತ್ತಿದ್ದಾರೆ. ಸೆಪ್ಟೆಂಬರ್ ತಿಂಗಳ ಅಂಕಪಟ್ಟಿಗೆ ಎಷ್ಟು ಬೆಲೆ ಕೊಡಬೇಕೆಂಬುದನ್ನು ಅವರಿಗಿಂತ ಚೆನ್ನಾಗಿ ಬಲ್ಲವರು ಆ ಕಟ್ಟಡದಲ್ಲಿ ಇನ್ನೊಬ್ಬರಿರಲಾರರು.

ಇನ್ನು ತಮ್ಮ ತಂಡದ ಕಳೆದ ವರ್ಷ. ಮೊದಲ ಆರರಲ್ಲಿ ನಾಲ್ಕನ್ನು ಗೆದ್ದಾಗ ತಾವೂ ಸಂತೋಷಪಟ್ಟಿರಬೇಕು. ಅಕ್ಟೋಬರ್ 27ರಂದು ವಾಷಿಂಗ್ಟನ್ ತಂಡದ ಎದುರು ಕೊನೆಯ ಕ್ಷಣದಲ್ಲಿ ಗಾಳಿಗೆ ಎಸೆದ ಚೆಂಡು ಹಲವು ಕೈಗಳಿಗೆ ತಾಗಿ ಎದುರಾಳಿಯ ಕೈಗೆ ಬಿದ್ದು, 18-15ರಿಂದ ಪಂದ್ಯ ಹೋಯಿತು. ಅದೂ ಸೇರಿ ಸತತ ಹತ್ತು ಸೋಲು. ನವೆಂಬರ್ ಕೊನೆಯಲ್ಲಿ ಮುಖ್ಯ ತರಬೇತುದಾರ ಮ್ಯಾಟ್ ಎಬರ್‌ಫ್ಲಸ್ ಅವರನ್ನು ತೆಗೆದರು. ವರ್ಷದ ನಡುವೆ ಮುಖ್ಯ ತರಬೇತುದಾರನನ್ನು ತೆಗೆದದ್ದು 1920ರಷ್ಟು ಹಿಂದೆ ಹುಟ್ಟಿದ ಈ ತಂಡದ ಇತಿಹಾಸದಲ್ಲಿ ಅದೇ ಮೊದಲು. ಒಳ್ಳೆಯ ಆರಂಭ ತಮ್ಮನ್ನು ಹೀಗೆ ಮೋಸಗೊಳಿಸಿ ಇನ್ನೂ ಒಂದು ವರ್ಷ ತುಂಬಿಲ್ಲ. ಕೆಟ್ಟ ಆರಂಭದ ಮಾತನ್ನು ಮಾತ್ರ ತಾವು ಇಷ್ಟು ಬೇಗ ನಂಬಿದ್ದೇಕೆ?

ಎರಡು ಸೋಲಿನಿಂದ ಎದ್ದು ಬಂದವರಲ್ಲಿ ನನ್ನ ಮನಸ್ಸಿನಲ್ಲಿ ಸದಾ ನಿಂತಿರುವುದು 2007ರ ನ್ಯೂಯಾರ್ಕ್ ಜಯಂಟ್ಸ್. ಆ ವರ್ಷ ರಕ್ಷಣಾ ವಿಭಾಗಕ್ಕೆ ಸ್ಟೀವ್ ಸ್ಪಾನ್ಯೂಲೊ ಹೊಸದಾಗಿ ಬಂದಿದ್ದರು. ಆ ವಿಭಾಗದ ಹಿರಿಯ ಆಟಗಾರ ಮೈಕಲ್ ಸ್ಟ್ರಾಹನ್ ನಿವೃತ್ತಿಯ ಯೋಚನೆಯಲ್ಲಿ ತರಬೇತಿ ಶಿಬಿರವನ್ನು ತಪ್ಪಿಸಿಕೊಂಡು ಋತುವಿನ ಹೊಸ್ತಿಲಲ್ಲಿ ಮರಳಿದ್ದರು. ಡಲ್ಲಾಸ್ ಎದುರು 45, ಗ್ರೀನ್ ಬೇ ಎದುರು 35, ಹೀಗೆ ಎರಡು ಪಂದ್ಯಗಳಲ್ಲಿ ಅವರು ಬಿಟ್ಟುಕೊಟ್ಟದ್ದು 80 ಅಂಕ. ತಮ್ಮ ಬೇರ್ಸ್ ಈ ವರ್ಷ ಮೊದಲೆರಡರಲ್ಲಿ ಬಿಟ್ಟುಕೊಟ್ಟದ್ದು 79. ಜಯಂಟ್ಸ್ ಮೂರನೆಯ ಪಂದ್ಯದಲ್ಲೂ ವಾಷಿಂಗ್ಟನ್ ಎದುರು ಅರ್ಧ ಸಮಯಕ್ಕೆ 17-3ರಿಂದ ಹಿಂದಿದ್ದರು. ಅಲ್ಲಿಂದ 24-17ಕ್ಕೆ ಮುಂದೆ ಬಂದು, ಕೊನೆಯಲ್ಲಿ ತಮ್ಮ ಗೋಲ್ ಗೆರೆಯ ಬಳಿ ಎದುರಾಳಿಯನ್ನು ತಡೆದು ನಿಲ್ಲಿಸಿ ಗೆದ್ದರು. ಹೊಸ ಪದ್ಧತಿ ಕಾಲಿಗೂ ಕೈಗೂ ಒಗ್ಗಿದ್ದು ಅಲ್ಲಿಂದ. ಮುಂದಿನ ಫೆಬ್ರುವರಿಯಲ್ಲಿ, ಒಂದನ್ನೂ ಸೋಲದೆ ಹದಿನೆಂಟು ಗೆದ್ದು ಬಂದಿದ್ದ ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ತಂಡದ ಕ್ವಾರ್ಟರ್‌ಬ್ಯಾಕ್ ಟಾಮ್ ಬ್ರೇಡಿಯನ್ನು ಅದೇ ರಕ್ಷಣಾ ವಿಭಾಗ ಐದು ಬಾರಿ ನೆಲಕ್ಕೆ ಕೆಡವಿ, 17-14ರಿಂದ ಲೀಗಿನ ಅಂತಿಮ ಪಂದ್ಯವಾದ ಸೂಪರ್ ಬೌಲ್ ಗೆದ್ದುಕೊಂಡಿತು. ಬೇರ್ಸ್ ಕೂಡ ಹಾಗೆಯೇ ಗೆಲ್ಲುತ್ತದೆ ಎಂದು ನಾನು ಹೇಳುತ್ತಿಲ್ಲ. 80 ಅಂಕ ಬಿಟ್ಟುಕೊಟ್ಟವರೂ ಚಾಂಪಿಯನ್ನರಾದವರೂ ಬಹುಪಾಲು ಅದೇ ಆಟಗಾರರು ಎಂಬುದಷ್ಟೇ ನನ್ನ ಮಾತು.

ತಾವು ಆರ್‌ಸಿಬಿ ಅಭಿಮಾನಿಯೂ ಹೌದೆಂದು ಬರೆದಿದ್ದೀರಿ. 2024ರ ಐಪಿಎಲ್‌ನಲ್ಲಿ ಅವರು ಮೊದಲ ಎಂಟರಲ್ಲಿ ಏಳನ್ನು ಸೋತು, ಉಳಿದ ಆರನ್ನೂ ಗೆದ್ದು ಪ್ಲೇಆಫ್‌ಗೆ ಹೋದದ್ದು ಮರೆತಿರಲಾರಿರಿ. ಅಲ್ಲಿ 14 ಪಂದ್ಯ, ಇಲ್ಲಿ 17, ಹೆಚ್ಚಿನ ಅಂತರವೇನಿಲ್ಲ.

ಹಾಗಾದರೆ ನೋಡಬೇಕಾದದ್ದೇನು? ನನ್ನ ಮಟ್ಟಿಗೆ ಮೊದಲನೆಯದು ಚೆಂಡಿನ ಮುಂದೆ ನಿಲ್ಲುವ ಐದು ಜನರ ಸಾಲು. ಈ ಆಟದಲ್ಲಿ ಎಲ್ಲರ ಕಣ್ಣು ಕ್ವಾರ್ಟರ್‌ಬ್ಯಾಕ್ ಮೇಲಿರುತ್ತದೆ, ಅವನಿಗೆ ಯೋಚಿಸಲು ಎರಡೂವರೆ ಮೂರು ಸೆಕೆಂಡು ಸಿಗುತ್ತದೆಯೋ ಇಲ್ಲವೋ ಎಂಬುದನ್ನು ತೀರ್ಮಾನಿಸುವವರು ಆ ಐವರು. ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ 2024ರ ಡ್ರಾಫ್ಟ್‌ನಲ್ಲಿ ಮೊದಲಿಗರಾಗಿ ಆಯ್ಕೆಯಾದ ಕೇಲೆಬ್ ವಿಲಿಯಮ್ಸ್ ಅವರನ್ನು ಮೊದಲ ವರ್ಷ 68 ಬಾರಿ ಚೆಂಡು ಎಸೆಯುವ ಮುನ್ನವೇ ನೆಲಕ್ಕೆ ಕೆಡವಲಾಯಿತು. ಲೀಗಿನಲ್ಲಿ ಮತ್ತಾರಿಗೂ ಅಷ್ಟು ಪೆಟ್ಟು ಬಿದ್ದಿರಲಿಲ್ಲ. ಆ ಕಾರಣಕ್ಕೇ ಈ ವರ್ಷ ತಂಡವು ಸಾಲಿನ ನಡುವಣ ಮೂವರನ್ನೂ ಬದಲಿಸಿತು: ಕ್ಯಾನ್ಸಸ್ ಸಿಟಿಯಿಂದ ಜೋ ಥೂನಿ, ಲಾಸ್ ಏಂಜಲೀಸ್‌ನಿಂದ ಜೋನಾ ಜಾಕ್ಸನ್, ಅಟ್ಲಾಂಟಾದಿಂದ ಡ್ರೂ ಡಾಲ್‌ಮನ್. ಎಡ ಟ್ಯಾಕಲ್, ಅಂದರೆ ಆ ಸಾಲಿನ ಎಡತುದಿಯ ಸ್ಥಾನಕ್ಕೆ ಯಾರು ಎಂಬುದಂತೂ ಶಿಬಿರದುದ್ದಕ್ಕೂ ಇತ್ಯರ್ಥವಾಗಿರಲಿಲ್ಲ. ಈ ಐವರು ಒಬ್ಬರ ಭುಜದ ಚಲನೆಯನ್ನು ಇನ್ನೊಬ್ಬರು ನೋಡದೆಯೇ ಅರಿಯುವಷ್ಟು ಹೊಂದಿಕೊಳ್ಳಲು ವಾರಗಳು ಬೇಕು. ಒಂದು ಪಂದ್ಯವನ್ನು ಚೆಂಡಿನ ಹಿಂದೆ ಕಣ್ಣು ಓಡಿಸದೆ, ಈ ಐವರನ್ನು ಮಾತ್ರ ನೋಡುತ್ತ ಕಳೆಯಿರಿ; ಅಂಕಪಟ್ಟಿ ಹೇಳದ ಎಷ್ಟೋ ಸಂಗತಿಗಳು ತಾವಾಗಿಯೇ ತಿಳಿಯುತ್ತವೆ.

ಎರಡನೆಯದು ಪೆನಾಲ್ಟಿ, ಅಂದರೆ ನಿಯಮ ಮುರಿದದ್ದಕ್ಕೆ ಗಜಗಳ ಲೆಕ್ಕದಲ್ಲಿ ತೆರುವ ದಂಡ. ವೈಕಿಂಗ್ಸ್ ಎದುರಿನ ಪಂದ್ಯ ಬೆಂಗಳೂರಿನಲ್ಲಿ ಮಂಗಳವಾರ ಬೆಳಗಿನ ಜಾವ ಐದೂಮುಕ್ಕಾಲಿಗೆ ಶುರುವಾಗಿತ್ತು. ಕೊನೆಯ ಕಾಲುಭಾಗ ಆರಂಭವಾದಾಗ ಬೇರ್ಸ್ 17-6ರಿಂದ ಮುಂದಿತ್ತು, ನಾನು ನಿಶ್ಚಿಂತೆಯಿಂದ ಕಾಫಿ ಬೆರೆಸಲು ಎದ್ದಿದ್ದೆ. ಆ ಕಾಲುಭಾಗದಲ್ಲಿ, ಮೊದಲ ಬಾರಿಗೆ ಕಣಕ್ಕಿಳಿದಿದ್ದ ಯುವ ಕ್ವಾರ್ಟರ್‌ಬ್ಯಾಕ್ ಜೆ.ಜೆ. ಮೆಕಾರ್ಥಿ ಮುಂದಾಳತ್ವದಲ್ಲಿ ವೈಕಿಂಗ್ಸ್ 21 ಅಂಕ ಗಳಿಸಿತು. ಎದುರಾಳಿಯ ಸಾಹಸವನ್ನು ಮೆಚ್ಚೋಣ, ಆದರೆ ಆ ರಾತ್ರಿ ಬೇರ್ಸ್ 12 ಪೆನಾಲ್ಟಿಗಳಿಗೆ 127 ಗಜ ಕಳೆದುಕೊಂಡಿತ್ತು. ಚೆಂಡು ಚಲಿಸುವ ಮುನ್ನವೇ ಕದಲುವುದು, ಎದುರಾಳಿಯ ಅಂಗಿ ಹಿಡಿದೆಳೆಯುವುದು, ಇವು ಶಕ್ತಿಯ ಕೊರತೆಯಲ್ಲ, ಅಭ್ಯಾಸದ ಕೊರತೆ. ಶಕ್ತಿಯ ಕೊರತೆಯಾಗಿದ್ದರೆ ನಾನೂ ತಮ್ಮ ಪಕ್ಷ ಸೇರುತ್ತಿದ್ದೆ.

ಡೆಟ್ರಾಯಿಟ್ ಸೋಲನ್ನು ನಾನು ಬೇರೆಯಾಗಿ ನೋಡುತ್ತೇನೆ. ಅಲ್ಲಿ ನಡೆದದ್ದು ಅಭ್ಯಾಸದ ಕೊರತೆ ಮಾತ್ರವಲ್ಲ. ಎದುರಾಳಿಯ ಕ್ವಾರ್ಟರ್‌ಬ್ಯಾಕ್ ಜ್ಯಾರೆಡ್ ಗಾಫ್ ಐದು ಟಚ್‌ಡೌನ್ ಎಸೆಯುತ್ತಿದ್ದಾಗ ಅವರನ್ನು ಅವಸರಪಡಿಸುವವರೇ ಬೇರ್ಸ್ ಕಡೆ ಕಾಣಲಿಲ್ಲ, ಗಾಯದಿಂದ ಮರಳಿದ್ದ ಬೇರ್ಸ್ ರಕ್ಷಣಾ ಆಟಗಾರ ಜೇಲನ್ ಜಾನ್ಸನ್ ಮತ್ತೆ ಗಾಯಗೊಂಡು ಹೊರಟರು. ಎದುರಾಳಿಯ ಕ್ವಾರ್ಟರ್‌ಬ್ಯಾಕ್ ಮೇಲೆ ಒತ್ತಡ ಹಾಕಲಾಗದಿರುವುದೇ ಈ ತಂಡದ ನಿಜವಾದ ದೌರ್ಬಲ್ಯ ಎಂಬುದು ನನ್ನ ಎಣಿಕೆ, ಅದು ವರ್ಷವಿಡೀ ಕಾಡಬಹುದು. ಕೌಬಾಯ್ಸ್ ಎದುರು ರಕ್ಷಣಾ ವಿಭಾಗ ನಾಲ್ಕು ಬಾರಿ ಚೆಂಡನ್ನು ಕಿತ್ತುಕೊಂಡಿತು, ನೋಡಲು ಬಹಳ ಚಂದವಿತ್ತು. ಆದರೆ ಬಿದ್ದ ಚೆಂಡು ಯಾರ ಕೈಗೆ ಪುಟಿಯುತ್ತದೆ ಎಂಬುದು ಪ್ರತಿ ವಾರವೂ ನಮ್ಮ ಪರವಾಗಿರುವುದಿಲ್ಲ. ಲಯನ್ಸ್ ತಂಡವನ್ನೇ ನೋಡಿ: ಮೊದಲ ವಾರ ಗ್ರೀನ್ ಬೇಯಲ್ಲಿ 27-13ರಿಂದ ಸೋತಾಗ ಅವರ ಕಾಲ ಮುಗಿಯಿತೆಂದು ಬರೆದವರಿದ್ದರು, ಮುಂದಿನ ಭಾನುವಾರವೇ ಅವರು 52 ಅಂಕ ಗಳಿಸಿದರು.

ಬೆನ್ ಜಾನ್ಸನ್ ಅವರ ವಿಷಯದಲ್ಲಿ ತಾವು ತುಸು ಕಠಿಣರಾದಿರಿ. ಲಯನ್ಸ್ ತಂಡದ ಆಕ್ರಮಣ ವಿಭಾಗವನ್ನು ಅವರು ವಹಿಸಿಕೊಂಡ 2022ರಲ್ಲಿ ಆ ತಂಡ ಮೊದಲ ಏಳರಲ್ಲಿ ಒಂದನ್ನು ಮಾತ್ರ ಗೆದ್ದಿತ್ತು. ವರ್ಷ ಮುಗಿದಾಗ 9-8, ಮರುವರ್ಷ 12-5, ಅದರ ಮರುವರ್ಷ 15-2. ತಾವು ತಾಳ್ಮೆ ಕಳೆದುಕೊಂಡಿರುವುದು ಇಂಥ ಏರಿಕೆಯನ್ನು ಒಳಗಿನಿಂದ ಕಂಡವರ ಮೇಲೆ. ಬೇರ್ಸ್ ತಂಡ ಒಂದೇ ಒಂದು ಸೂಪರ್ ಬೌಲ್ ಗೆದ್ದು, ಅದೂ 1986ರ ಜನವರಿಯಲ್ಲಿ, ಸುಮಾರು ನಲವತ್ತು ವರ್ಷಗಳಾಗಿವೆ. ಕಾದು ದಣಿದ ಊರಿನ ಅಸಹನೆ ನನಗೆ ಅರ್ಥವಾಗುತ್ತದೆ. ಆ ಲೆಕ್ಕವನ್ನು ಈ ವರ್ಷವಷ್ಟೇ ಬಂದವರ ಹೆಗಲಿಗೆ ಹೊರಿಸುವುದು ಬೇಡ ಎಂಬುದು ನನ್ನ ವಿನಂತಿ.

ಮುಂದಿನ ಪಂದ್ಯ ಸೆಪ್ಟೆಂಬರ್ 28ರಂದು ಲಾಸ್ ವೇಗಸ್‌ನಲ್ಲಿ. ಅದರ ಬಳಿಕ ಒಂದು ವಾರ ಬಿಡುವು. ಅಕ್ಟೋಬರ್ 13ರ ಸೋಮವಾರ ರಾತ್ರಿ ವಾಷಿಂಗ್ಟನ್ ತಂಡದ ಎದುರು, ಕಳೆದ ವರ್ಷ ಗಾಳಿಯಲ್ಲಿ ಹಾರಿದ ಆ ಚೆಂಡು ಬಿದ್ದ ಅದೇ ಮೈದಾನದಲ್ಲಿ ಬೇರ್ಸ್ ಆಡಲಿದೆ. ಆ ಪಂದ್ಯ ಮುಗಿದ ಮೇಲೆ ತಾವು ಇನ್ನೊಮ್ಮೆ ಬರೆಯಿರಿ. ಎಷ್ಟು ಪೆನಾಲ್ಟಿಗಳಾದವು, ವಿಲಿಯಮ್ಸ್ ಎಷ್ಟು ಬಾರಿ ನೆಲಕ್ಕೆ ಬಿದ್ದರು ಎಂಬ ಲೆಕ್ಕ ಆ ಪತ್ರದಲ್ಲಿರಲಿ. ಸಾಧ್ಯವಾದರೆ ಈ ಬಾರಿ ತಮ್ಮ ಮಗನೂ ಒಂದು ಪುಟ ಬರೆಯಲಿ. ಎರಡನ್ನೂ ಪಕ್ಕಪಕ್ಕದಲ್ಲಿ ಪ್ರಕಟಿಸುತ್ತೇವೆ.

ಸಂಪಾದಕ