ಸರೋವರದಲ್ಲಿ ದೋಣಿ, ಗಾಳ, ಈಜು: ಓದುಗರ ಪ್ರಶ್ನೆಗಳಿಗೆ ಉತ್ತರ

ದೊಡ್ಡ ಸರೋವರಗಳಲ್ಲಿ ದೋಣಿ ನಡೆಸುವುದು, ಗಾಳ ಹಾಕುವುದು ಮತ್ತು ಈಜುವುದರ ಬಗ್ಗೆ ಬಂದ ಪತ್ರಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಕೇಳಿರುವ ವಿಷಯಗಳು ಬೇರೆಬೇರೆಯಾದರೂ ಹೆಚ್ಚಿನವುಗಳ ಉತ್ತರವನ್ನು ಹುಡುಕುತ್ತಾ ಹೋದರೆ ಗಾಳಿಯ ಬಳಿಗೇ ಬಂದು ನಿಲ್ಲುತ್ತೇವೆ. ಆದ್ದರಿಂದ ಅಲ್ಲಿಂದಲೇ ಆರಂಭಿಸೋಣ.

ಪ್ರಶ್ನೆ: ಬೆಳಗ್ಗೆ ಕನ್ನಡಿಯಂತಿರುವ ಸರೋವರ ಮಧ್ಯಾಹ್ನದ ಹೊತ್ತಿಗೆ ಅಲೆಗಳಿಂದ ತುಂಬಿರುತ್ತದೆ. ಆಕಾಶ ಮಾತ್ರ ಶುಭ್ರವಾಗಿಯೇ ಇರುತ್ತದೆ. ಹುಟ್ಟು ಹಾಕುವ ಸಣ್ಣ ದೋಣಿಯಲ್ಲಿ ಹೋಗುವವರು ಇದನ್ನು ಮೊದಲೇ ಊಹಿಸಲು ಸಾಧ್ಯವೇ?

ಖಂಡಿತ ಸಾಧ್ಯ. ಬಿಸಿಲು ಏರಿದಂತೆ ಸುತ್ತಲಿನ ನೆಲ ಬೇಗ ಕಾಯುತ್ತದೆ, ನೀರು ನಿಧಾನವಾಗಿ ಕಾಯುತ್ತದೆ. ನೆಲದ ಮೇಲಿನ ಬಿಸಿಗಾಳಿ ಮೇಲೇರಿದಾಗ ಆ ಜಾಗವನ್ನು ತುಂಬಲು ಸರೋವರದ ಮೇಲಿನ ತಂಪು ಗಾಳಿ ದಡದ ಕಡೆಗೆ ಹರಿಯುತ್ತದೆ. ಬಿಸಿಲಿನ ದಿನಗಳಲ್ಲಿ ಇದು ಸಾಮಾನ್ಯವಾಗಿ ಮಧ್ಯಾಹ್ನಕ್ಕೆ ಸ್ವಲ್ಪ ಮೊದಲು ಶುರುವಾಗಿ, ಮಧ್ಯಾಹ್ನದ ಬಳಿಕ ಜೋರಾಗಿ, ಸಂಜೆಗೆ ಅಡಗುತ್ತದೆ. ರಾತ್ರಿ ಇದೇ ಆಟ ತಿರುಗುಮುರುಗಾಗಿ ನಡೆಯುತ್ತದೆ, ಆದರೆ ಅಷ್ಟು ಬಲವಾಗಿ ಅಲ್ಲ. ಬೆಳಗಿನ ಜಾವಕ್ಕೆ ಹೊರಟು ಬಿಸಿಲೇರುವ ಮುನ್ನ ದಡ ಸೇರುವ ಅಭ್ಯಾಸವನ್ನು ಮೀನುಗಾರರು ಇಟ್ಟುಕೊಂಡಿರುವುದರ ಹಿಂದೆ ಮೀನಿನ ಹಸಿವಿನಷ್ಟೇ ಈ ಲೆಕ್ಕವೂ ಇದೆ.

ಅಲೆಯ ಎತ್ತರವನ್ನು ಗಾಳಿಯ ವೇಗವೊಂದೇ ನಿರ್ಧರಿಸುವುದಿಲ್ಲ. ಗಾಳಿ ಎಷ್ಟು ಹೊತ್ತು ಬೀಸಿತು, ತಡೆಯಿಲ್ಲದೆ ಎಷ್ಟು ದೂರ ನೀರಿನ ಮೇಲೆಯೇ ಸಾಗಿ ಬಂತು ಎನ್ನುವುದೂ ಅಷ್ಟೇ ಮುಖ್ಯ. ಸಣ್ಣ ಕೆರೆಯಲ್ಲಿ ಕಿರುಅಲೆ ಎಬ್ಬಿಸುವ ಗಾಳಿಯೇ ಹತ್ತಾರು ಕಿಲೋಮೀಟರ್ ಉದ್ದದ ಸರೋವರದ ಇನ್ನೊಂದು ತುದಿಯಲ್ಲಿ ದೋಣಿ ಮಗುಚುವಂಥ ಅಲೆಗಳನ್ನು ಕಟ್ಟಬಲ್ಲದು. ಸರೋವರದ ಅಲೆಗಳು ಸಮುದ್ರದ ಅಲೆಗಳಷ್ಟು ಉದ್ದವಾಗಿರದೆ ಕಡಿದಾಗಿ, ಒಂದರ ಬೆನ್ನಿಗೊಂದು ಬರುತ್ತವೆ. ಸಣ್ಣ ದೋಣಿಗೆ ಒಂದನ್ನು ಏರಿ ಇಳಿದು ಸಾವರಿಸಿಕೊಳ್ಳಲು ಬಿಡುವೇ ಸಿಗುವುದಿಲ್ಲ. ಉತ್ತರ ಅಮೆರಿಕದ ಸುಪೀರಿಯರ್ ಸರೋವರದಲ್ಲಿ 1975ರ ನವೆಂಬರ್ 10ರಂದು 222 ಮೀಟರ್ ಉದ್ದದ ಎಡ್ಮಂಡ್ ಫಿಟ್ಜ್‌ಜೆರಾಲ್ಡ್ ಎಂಬ ಸರಕು ಹಡಗು ಬಿರುಗಾಳಿಗೆ ಸಿಕ್ಕಿ ಮುಳುಗಿ, ಅದರಲ್ಲಿದ್ದ 29 ಮಂದಿಯೂ ಸತ್ತರು. ಸರೋವರವೆಂದರೆ ಸೌಮ್ಯವಾದ ನೀರು ಎಂದು ತಿಳಿದವರಿಗೆ ಇಷ್ಟು ಹೇಳಿದರೆ ಸಾಕೆಂದು ಭಾವಿಸುತ್ತೇನೆ.

ನೀರನ್ನು ನೋಡಿಯೇ ಗಾಳಿಯನ್ನು ಅಳೆಯಬಹುದು. ಅಲೆಗಳ ತುದಿ ಒಡೆದು ಅಲ್ಲೊಂದು ಇಲ್ಲೊಂದು ಬಿಳಿ ನೊರೆ ಕಾಣಿಸಿದರೆ ಗಾಳಿ ಗಂಟೆಗೆ ಸುಮಾರು 12ರಿಂದ 19 ಕಿಲೋಮೀಟರ್ ವೇಗದಲ್ಲಿದೆ ಎಂದರ್ಥ. ಎಲ್ಲೆಡೆಯೂ ಬಿಳಿ ತಲೆಗಳೇ ಕಂಡರೆ 20 ದಾಟಿದೆ. ಹೊಸದಾಗಿ ಹುಟ್ಟು ಹಿಡಿದವರು, ಕಯಾಕ್‌ನಲ್ಲಿ ಹೋಗುವವರು ಮೊದಲ ನೊರೆ ಕಂಡೊಡನೆ ಮರಳುವುದು ಒಳ್ಳೆಯದು. ಹೊರಡುವಾಗ ಗಾಳಿಗೆ ಎದುರಾಗಿ ಹೋಗಿ, ದಣಿದು ಬರುವಾಗ ಗಾಳಿಯ ನೆರವು ಪಡೆಯುವಂತೆ ದಾರಿಯನ್ನು ಯೋಜಿಸಿ.

ಇಲ್ಲಿ ಹಲವರು ಮೋಸಹೋಗುವ ಸಂಗತಿಯೊಂದಿದೆ. ಗಾಳಿ ನಿಮ್ಮ ಬೆನ್ನ ಹಿಂದಿನಿಂದ, ಅಂದರೆ ದಡದಿಂದ ನೀರಿನ ಕಡೆಗೆ ಬೀಸುತ್ತಿದ್ದರೆ ದಡದ ಮರಗಳ ಮರೆಯಲ್ಲಿ ನೀರು ಪೂರ್ತಿ ಶಾಂತವಾಗಿ ಕಾಣುತ್ತದೆ. ಸ್ವಲ್ಪ ದೂರ ಹೋಗುವಷ್ಟರಲ್ಲಿ ಆ ಮರೆ ತಪ್ಪುತ್ತದೆ, ಅಲೆಗಳು ಬೆಳೆಯುತ್ತಾ ಹೋಗುತ್ತವೆ, ಹಿಂದಿರುಗಬೇಕಾದಾಗ ಪ್ರತಿ ಹುಟ್ಟನ್ನೂ ಗಾಳಿಗೆದುರಾಗಿ ಹಾಕಬೇಕಾಗುತ್ತದೆ. ಗಾಳಿ ತುಂಬುವ ಆಟದ ತೆಪ್ಪಗಳ ಮೇಲೆ ಮಲಗಿದವರು ಸರೋವರದ ನಡುವಿಗೆ ತೇಲಿಹೋಗುವುದು ಇಂಥ ದಿನಗಳಲ್ಲಿಯೇ.

ಪ್ರಶ್ನೆ: ಗಾಳಿಯಿರುವ ದಿನ ನೀರಿನ ಮೇಲೆ ನೊರೆಯ ಉದ್ದುದ್ದ ಗೆರೆಗಳು ಸಾಲುಸಾಲಾಗಿ ಕಾಣುತ್ತವೆ. ಅಲ್ಲಿ ಗಾಳ ಹಾಕಿದರೆ ಮೀನು ಸಿಗುತ್ತದೆಂದು ಹಿರಿಯರು ಹೇಳುತ್ತಾರೆ. ಇದು ನಿಜವೇ? ಇಷ್ಟು ದೊಡ್ಡ ನೀರಿನಲ್ಲಿ ಮೀನನ್ನು ಎಲ್ಲಿ ಹುಡುಕಬೇಕು?

ಹಿರಿಯರ ಮಾತಿಗೆ ಆಧಾರವಿದೆ. 1932ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪಡೆದ ಇರ್ವಿಂಗ್ ಲ್ಯಾಂಗ್‌ಮ್ಯೂರ್, ಅದಕ್ಕೂ ಮೊದಲು, 1927ರಲ್ಲಿ, ಅಟ್ಲಾಂಟಿಕ್ ಸಾಗರ ದಾಟುವಾಗ ತೇಲುವ ಕಡಲಕಳೆ ಗಾಳಿ ಬೀಸುವ ದಿಕ್ಕಿನಲ್ಲೇ ಸಾಲುಗಟ್ಟಿರುವುದನ್ನು ಗಮನಿಸಿದರು. ಆಮೇಲೆ ನ್ಯೂಯಾರ್ಕ್ ರಾಜ್ಯದ ಲೇಕ್ ಜಾರ್ಜ್ ಸರೋವರದಲ್ಲಿ ಪ್ರಯೋಗಗಳನ್ನು ನಡೆಸಿ 1938ರಲ್ಲಿ ವಿವರಣೆಯನ್ನು ಪ್ರಕಟಿಸಿದರು. ಗಾಳಿ ಬೀಸುವಾಗ ಮೇಲಿನ ನೀರು ಉದ್ದನೆಯ ಸುರುಳಿಗಳಾಗಿ ಹೊರಳುತ್ತದೆ. ಅಕ್ಕಪಕ್ಕದ ಎರಡು ಸುರುಳಿಗಳು ಒಂದಕ್ಕೊಂದು ಎದುರು ದಿಕ್ಕಿನಲ್ಲಿ ತಿರುಗುತ್ತವೆ. ಎರಡು ಕಡೆಯ ನೀರು ಕೂಡಿಕೊಂಡು ಕೆಳಗಿಳಿಯುವ ಜಾಗದಲ್ಲಿ ನೊರೆ, ಎಲೆ, ಸತ್ತ ಕೀಟಗಳು ಕೆಳಗಿಳಿಯಲಾರದೆ ಗೆರೆಯಾಗಿ ಉಳಿಯುತ್ತವೆ. ಆಹಾರ ಒಟ್ಟಾದಲ್ಲಿ ಸಣ್ಣ ಮೀನು ಬರುತ್ತದೆ, ಸಣ್ಣದರ ಹಿಂದೆ ದೊಡ್ಡದೂ ಬರುತ್ತದೆ. ದೋಣಿಯನ್ನು ಗೆರೆಯ ಪಕ್ಕದಲ್ಲಿ ತೇಲಲು ಬಿಟ್ಟು, ಎರೆಯನ್ನು ಗೆರೆಯ ಅಂಚಿನಲ್ಲಿ ಇಳಿಸುವುದು ಒಳ್ಳೆಯ ಕ್ರಮ.

ಇನ್ನು ಆಳದ ಮಾತು. ಬೇಸಿಗೆಯಲ್ಲಿ ಆಳವಾದ ಸರೋವರದ ನೀರು ಪದರಗಳಾಗಿ ನಿಲ್ಲುತ್ತದೆ: ಮೇಲೆ ಬೆಚ್ಚಗಿನ ಹಗುರ ನೀರು, ಕೆಳಗೆ ತಣ್ಣನೆಯ ಭಾರದ ನೀರು, ನಡುವೆ ಕೆಲವೇ ಮೀಟರುಗಳಲ್ಲಿ ಉಷ್ಣತೆ ಥಟ್ಟನೆ ಕುಸಿಯುವ ಒಂದು ಪಟ್ಟಿ. ದೋಣಿಯಲ್ಲಿ ಮೀನು ತೋರಿಸುವ ಸೋನಾರ್ ಇದ್ದರೆ ಈ ಪಟ್ಟಿ ಪರದೆಯ ಮೇಲೆ ಮಸುಕಾದ ಅಡ್ಡಗೆರೆಯಾಗಿ ಕಾಣಿಸುತ್ತದೆ, ಹೊಸಬರು ಅದನ್ನೇ ತಳವೆಂದುಕೊಳ್ಳುವುದೂ ಉಂಟು. ಪಾಚಿ ಹೆಚ್ಚಾಗಿರುವ ಸರೋವರದಲ್ಲಿ ಸತ್ತ ಪಾಚಿ ತಳಕ್ಕಿಳಿದು ಕೊಳೆಯುವುದರಿಂದ ಕೆಳಪದರದ ಆಮ್ಲಜನಕ ಮುಗಿಯುತ್ತದೆ. ಅಂಥಲ್ಲಿ ಆ ಗೆರೆಯ ಕೆಳಗೆ ಎಷ್ಟೇ ಹೊತ್ತು ಗಾಳ ಬಿಟ್ಟರೂ ಹೊತ್ತು ಕಳೆಯಿತೇ ಹೊರತು ಮೀನು ಬರದು. ತಿಳಿನೀರಿನ ತಣ್ಣನೆಯ ಸರೋವರಗಳ ಕಥೆ ಬೇರೆ. ರಷ್ಯಾದ 1,642 ಮೀಟರ್ ಆಳದ ಬೈಕಾಲ್ ಸರೋವರದಲ್ಲಿ ತಳದವರೆಗೂ ಆಮ್ಲಜನಕವಿದ್ದು ಅಲ್ಲಿಯೂ ಮೀನುಗಳು ಬದುಕುತ್ತವೆ.

ಗಾಳಿ ಒಂದೆರಡು ದಿನ ಒಂದೇ ದಿಕ್ಕಿನಿಂದ ಬೀಸಿದ್ದರೆ ಅದು ಯಾವ ದಡಕ್ಕೆ ಅಪ್ಪಳಿಸುತ್ತಿದೆಯೋ ಆ ದಡವನ್ನು ಮೊದಲು ನೋಡಿ. ಬೆಚ್ಚಗಿನ ನೀರು, ತೇಲುವ ಸೂಕ್ಷ್ಮಜೀವಿಗಳು ಅಲ್ಲಿಗೆ ತಳ್ಳಲ್ಪಟ್ಟಿರುತ್ತವೆ. ಆದರೆ ಅಲ್ಲಿಯೇ ನಿಮ್ಮ ದೋಣಿಯೂ ಬಂಡೆಗೆ ತಳ್ಳಲ್ಪಡುವ ಅಪಾಯವಿದೆ. ಲಂಗರಿನ ಹಗ್ಗವನ್ನು ನೀರಿನ ಆಳದ ಐದರಿಂದ ಏಳು ಪಟ್ಟು ಉದ್ದ ಬಿಡಿ, ಅದನ್ನು ಯಾವಾಗಲೂ ದೋಣಿಯ ಮೂತಿಗೇ ಕಟ್ಟಿ. ಹಿಂಬದಿಗೆ ಕಟ್ಟಿದರೆ ಎಂಜಿನ್‌ನ ಭಾರದಿಂದ ಮೊದಲೇ ತಗ್ಗಾಗಿರುವ ಆ ಬದಿಯ ಮೇಲೆ ಅಲೆಗಳು ನೇರವಾಗಿ ಏರಿಬಂದು ದೋಣಿ ನೀರು ತುಂಬಿಕೊಳ್ಳುತ್ತದೆ.

ಪ್ರಶ್ನೆ: ಮಳೆಯೇ ಇಲ್ಲದ ದಿನ ದಡದ ನೀರಿನ ಮಟ್ಟ ಏರಿಳಿಯಿತು. ಕಟ್ಟಿದ್ದ ದೋಣಿ ಕೆಸರಿನಲ್ಲಿ ಕೂತು ಮತ್ತೆ ತೇಲಿತು. ಸರೋವರಕ್ಕೂ ಉಬ್ಬರವಿಳಿತ ಇರುತ್ತದೆಯೇ?

ಚಂದ್ರನಿಂದಾಗುವ ಉಬ್ಬರವಿಳಿತ ಸರೋವರದಲ್ಲಿ ಕಣ್ಣಿಗೆ ಕಾಣುವಷ್ಟು ಇರುವುದಿಲ್ಲ. ನೀವು ಕಂಡದ್ದು ಬಹುಮಟ್ಟಿಗೆ ನೀರಿನ ತೂಗಾಟ. ಬಿರುಗಾಳಿ ಅಥವಾ ವಾಯುಒತ್ತಡದ ಬದಲಾವಣೆ ನೀರನ್ನು ಒಂದು ತುದಿಗೆ ಒತ್ತಿ, ಬಳಿಕ ಒತ್ತಡ ತೆಗೆದಾಗ ತಟ್ಟೆಯಲ್ಲಿ ಹೊತ್ತೊಯ್ಯುವ ನೀರಿನಂತೆ ಇಡೀ ಸರೋವರ ಆಚೀಚೆ ತೂಗುತ್ತದೆ. ಜಿನೀವಾ ಸರೋವರದಲ್ಲಿ ಇದನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ವಿವರವಾಗಿ ಅಳೆದವರು ಸ್ವಿಸ್ ವಿಜ್ಞಾನಿ ಫ್ರಾಂಸ್ವಾ ಆಲ್ಫೋನ್ಸ್ ಫೊರೆಲ್. ಅಲ್ಲಿ ಒಂದು ತೂಗಾಟಕ್ಕೆ ಒಂದು ಗಂಟೆಗಿಂತ ಸ್ವಲ್ಪ ಹೆಚ್ಚು ಹೊತ್ತು ಹಿಡಿಯುತ್ತದೆ. ಆಳ ಕಡಿಮೆಯಿರುವ ಈರಿ ಸರೋವರದಲ್ಲಿ ಬಿರುಗಾಳಿ ಬೀಸಿದಾಗ ಎರಡು ತುದಿಗಳ ಮಟ್ಟದಲ್ಲಿ 2 ಮೀಟರಿಗೂ ಹೆಚ್ಚು ವ್ಯತ್ಯಾಸವಾಗಿರುವುದುಂಟು. ದೋಣಿಯನ್ನು ಕಟ್ಟುವಾಗ ಹಗ್ಗವನ್ನು ಬಿಗಿಯಾಗಿ ಎಳೆದು ಕಟ್ಟದೆ ಸ್ವಲ್ಪ ಸಡಿಲ ಬಿಡಿ.

ಪ್ರಶ್ನೆ: ನಿನ್ನೆ ಹಾಯಾಗಿ ಈಜಿದ ಜಾಗದಲ್ಲೇ ಇಂದು ನೀರು ಕೊರೆಯುವಷ್ಟು ತಣ್ಣಗಿತ್ತು, ಉಸಿರೇ ಕಟ್ಟಿದಂತಾಯಿತು. ಒಂದೇ ರಾತ್ರಿಯಲ್ಲಿ ಇದು ಹೇಗೆ?

ಇದೂ ಗಾಳಿಯ ಕೆಲಸವೇ. ಗಾಳಿಯು ಮೇಲ್ಪದರದ ಬೆಚ್ಚಗಿನ ನೀರನ್ನು ನಿಮ್ಮ ದಡದಿಂದ ಆಚೆಗೆ ತಳ್ಳಿದಾಗ ಆ ಜಾಗಕ್ಕೆ ಕೆಳಪದರದ ತಣ್ಣೀರು ಮೇಲೆದ್ದು ಬರುತ್ತದೆ. ಬಿಸಿಲು ನಿನ್ನೆಯಷ್ಟೇ ಇರಬಹುದು, ನೀರು ಮಾತ್ರ ಬೇರೆಯದು.

ಉಸಿರು ಕಟ್ಟಿದಂತಾದದ್ದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಸುಮಾರು 15 ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣನೆಯ ನೀರಿಗೆ ಥಟ್ಟನೆ ಬಿದ್ದಾಗ ದೇಹ ತಾನಾಗಿಯೇ ಏದುಸಿರು ಬಿಡುತ್ತದೆ. ಆ ಕ್ಷಣದಲ್ಲಿ ಬಾಯಿ ನೀರಿನೊಳಗಿದ್ದರೆ ಒಳ್ಳೆಯ ಈಜುಗಾರನೂ ಮುಳುಗುತ್ತಾನೆ. ತಣ್ಣೀರಿನ ಬಗ್ಗೆ ತರಬೇತಿ ಕೊಡುವವರು ಒಂದು, ಹತ್ತು, ಒಂದು ಎಂಬ ಲೆಕ್ಕವನ್ನು ಹೇಳಿಕೊಡುತ್ತಾರೆ: ಉಸಿರು ಹತೋಟಿಗೆ ಬರಲು 1 ನಿಮಿಷ, ಕೈಕಾಲುಗಳು ನಮ್ಮ ಮಾತು ಕೇಳುವುದು ಸುಮಾರು 10 ನಿಮಿಷ, ದೇಹ ತಣ್ಣಗಾಗಿ ಪ್ರಜ್ಞೆ ತಪ್ಪಲು ಸುಮಾರು 1 ಗಂಟೆ. ನೀರು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಶಾಖವನ್ನು ಸಾಗಿಸುತ್ತದೆ. ಆದ್ದರಿಂದ ಮೊದಲ ನಿಮಿಷದಲ್ಲಿ ಈಜುವ ಪ್ರಯತ್ನ ಬೇಡ, ಅಂಗಾತ ತೇಲಿ, ಉಸಿರು ನೆಲೆಗೊಂಡ ಮೇಲೆ ದೋಣಿಯನ್ನೋ ದಡವನ್ನೋ ಹಿಡಿಯಿರಿ. ದೋಣಿಯಿಂದ ನೇರವಾಗಿ ಧುಮುಕುವ ಬದಲು ಮೊದಲು ಕೈ ಅದ್ದಿ ನೋಡುವುದರಲ್ಲಿ ಅವಮಾನವೇನೂ ಇಲ್ಲ.

ಪ್ರಶ್ನೆ: ನನಗೆ ಚೆನ್ನಾಗಿ ಈಜು ಬರುತ್ತದೆ. ಆದರೂ ಲೈಫ್ ಜಾಕೆಟ್ ತೊಡಲೇಬೇಕೆ, ದೋಣಿಯಲ್ಲಿ ಕೈಗೆಟಕುವಂತೆ ಇಟ್ಟುಕೊಂಡರೆ ಸಾಲದೆ?

ಸಾಲದು. ಬೀಳುವವರು ಮೊದಲೇ ತಿಳಿಸಿ ಬೀಳುವುದಿಲ್ಲ, ಅಲೆಯಲ್ಲಿ ತೇಲುತ್ತಾ ಜಾಕೆಟ್‌ನ ಪಟ್ಟಿಗಳನ್ನು ಬಿಗಿಯುವುದು ಬಹಳ ಕಷ್ಟ. ಮನರಂಜನೆಯ ದೋಣಿಗಳ ಅಪಘಾತಗಳ ಬಗ್ಗೆ ಅಮೆರಿಕದ ಕೋಸ್ಟ್ ಗಾರ್ಡ್ ಪ್ರಕಟಿಸುವ ವಾರ್ಷಿಕ ವರದಿಗಳಲ್ಲಿ, ಮುಳುಗಿ ಸತ್ತವರ ಪೈಕಿ 100ಕ್ಕೆ 80ಕ್ಕಿಂತ ಹೆಚ್ಚು ಮಂದಿ ಜಾಕೆಟ್ ತೊಟ್ಟಿರಲಿಲ್ಲವೆಂದೇ ಕಂಡುಬರುತ್ತಿದೆ. ಜಾಕೆಟ್‌ನ ಮೇಲೆ ತೇಲುವ ಬಲವನ್ನು ನ್ಯೂಟನ್‌ಗಳಲ್ಲಿ ಬರೆದಿರುತ್ತಾರೆ. 50 ಎಂದಿದ್ದರೆ ಅದು ಈಜು ಬಲ್ಲವರಿಗೆ, ನೆರವು ಹತ್ತಿರದಲ್ಲೇ ಇರುವಲ್ಲಿಗೆ. ದೊಡ್ಡ ಸರೋವರದ ನಡುವಿಗೆ ಹೋಗುವವರು 100 ಅಥವಾ 150ರದನ್ನು ಆರಿಸುವುದು ಸರಿ. ತೊಟ್ಟ ಮೇಲೆ ಭುಜದ ಬಳಿ ಹಿಡಿದು ಯಾರಾದರೂ ಮೇಲಕ್ಕೆ ಎಳೆದಾಗ ಜಾಕೆಟ್ ಗಲ್ಲದ ಮೇಲೇರಿದರೆ ಅದು ನಿಮ್ಮ ಅಳತೆಯದಲ್ಲ. ಮಕ್ಕಳ ಜಾಕೆಟ್‌ಗೆ ತೊಡೆಗಳ ನಡುವೆ ಹಾಯುವ ಪಟ್ಟಿ ಇರಲೇಬೇಕು. ದೋಣಿ ಮಗುಚಿದರೆ ದಡ ಎಷ್ಟೇ ಹತ್ತಿರ ಕಂಡರೂ ದೋಣಿಯನ್ನು ಬಿಡಬೇಡಿ: ನೀರಿನ ಮಟ್ಟದಿಂದ ನೋಡುವ ಕಣ್ಣಿಗೆ ದೂರದ ಅಂದಾಜು ಸಿಗದು, ಹುಡುಕಿ ಬರುವವರಿಗೂ ಒಂಟಿ ತಲೆಗಿಂತ ಮಗುಚಿದ ದೋಣಿ ಬೇಗ ಕಾಣುತ್ತದೆ.

ಪ್ರಶ್ನೆ: ಎದುರಿನಿಂದ ಇನ್ನೊಂದು ಮೋಟಾರು ದೋಣಿ ಬಂದರೆ ಯಾರು ದಾರಿ ಬಿಡಬೇಕು?

ನೇರ ಎದುರಾದಾಗ ಇಬ್ಬರೂ ತಮ್ಮ ಬಲಕ್ಕೆ ತಿರುಗಬೇಕು. ಅಡ್ಡಹಾಯುವಾಗ ಯಾರಿಗೆ ಇನ್ನೊಂದು ದೋಣಿ ತಮ್ಮ ಬಲಬದಿಯಲ್ಲಿ ಕಾಣುತ್ತದೆಯೋ ಅವರು ದಾರಿ ಬಿಡಬೇಕು. ಹಿಂದಿಕ್ಕುವವರು ದೂರ ಸರಿದು ಹೋಗಬೇಕು. ಸಮುದ್ರಯಾನಕ್ಕಾಗಿ 1972ರಲ್ಲಿ ಒಪ್ಪಿಕೊಂಡ ಅಂತರರಾಷ್ಟ್ರೀಯ ನಿಯಮಗಳು ಹೀಗಿವೆ, ಅನೇಕ ಸರೋವರಗಳ ನಿಯಮಗಳೂ ಇದನ್ನೇ ಹೋಲುತ್ತವೆ. ರಾತ್ರಿ ಎದುರಿನ ದೋಣಿಯ ಕೆಂಪು, ಹಸಿರು ದೀಪಗಳೆರಡೂ ಒಟ್ಟಿಗೆ ಕಂಡರೆ ಅದು ನೇರವಾಗಿ ನಿಮ್ಮ ಕಡೆಗೇ ಬರುತ್ತಿದೆ.

ಪ್ರಶ್ನೆ: ಹಿಡಿದ ಮೀನನ್ನು ನೀರಿಗೆ ಮರಳಿ ಬಿಡುತ್ತೇನೆ. ಅದು ನಿಜಕ್ಕೂ ಬದುಕುತ್ತದೆಯೇ?

ನಿಮ್ಮ ಕೈ ಹೇಗೆ ನಡೆದುಕೊಂಡಿತು ಎನ್ನುವುದರ ಮೇಲಿದೆ. ಮೀನಿನ ಮೈಮೇಲಿನ ಲೋಳೆ ಅದನ್ನು ಸೋಂಕಿನಿಂದ ಕಾಯುತ್ತದೆ; ಒಣಗೈಯಲ್ಲೋ ಬಟ್ಟೆಯಲ್ಲೋ ಹಿಡಿದರೆ ಅದು ಅಂಟಿಕೊಂಡು ಬಂದುಬಿಡುತ್ತದೆ. ಕೈಯನ್ನು ಒದ್ದೆ ಮಾಡಿಕೊಳ್ಳಿ, ಕಿವಿರುಗಳಿಗೆ ಬೆರಳು ತೂರಿಸಬೇಡಿ, ಸಾಧ್ಯವಾದರೆ ಮೀನು ನೀರಿನಲ್ಲಿರುವಾಗಲೇ ಗಾಳ ಬಿಡಿಸಿ. ಹಿಮ್ಮುಳ್ಳಿಲ್ಲದ ಗಾಳವಾದರೆ ಇದು ಕ್ಷಣದ ಕೆಲಸ. ಗಾಳ ಗಂಟಲಿನೊಳಗೆ ಇಳಿದಿದ್ದರೆ ಕೀಳಲು ಹೋಗದೆ ದಾರವನ್ನು ಹತ್ತಿರದಲ್ಲೇ ಕತ್ತರಿಸಿ ಬಿಡುವುದು ಮೀನಿಗೆ ಹಿತ. ಕಡು ಬೇಸಿಗೆಯಲ್ಲಿ ಈ ಹವ್ಯಾಸವನ್ನು ಕಡಿಮೆ ಮಾಡುವುದೇ ಉತ್ತಮ. 10 ಡಿಗ್ರಿಯ ನೀರಿನ ಒಂದು ಲೀಟರಿನಲ್ಲಿ ಸುಮಾರು 11 ಮಿಲಿಗ್ರಾಂ ಆಮ್ಲಜನಕ ಕರಗಬಲ್ಲದು, 25 ಡಿಗ್ರಿಯಲ್ಲಿ ಸುಮಾರು 8 ಮಾತ್ರ. ಹೋರಾಡಿ ದಣಿದ ಮೀನಿಗೆ ಚೇತರಿಸಿಕೊಳ್ಳಲು ಬೇಕಾದಷ್ಟು ಸಿಗುವುದಿಲ್ಲ.

ಆಳದಿಂದ ಎಳೆದ ಮೀನಿನ ವಿಷಯದಲ್ಲಿ ಸ್ವಲ್ಪ ಕಠಿಣವಾಗಿಯೇ ಹೇಳುತ್ತೇನೆ. 10 ಮೀಟರ್ ಆಳದಲ್ಲಿ ಒತ್ತಡ ಮೇಲ್ಮೈಗಿಂತ ಎರಡು ಪಟ್ಟು. ಅಲ್ಲಿಂದ ಥಟ್ಟನೆ ಮೇಲೆ ತಂದಾಗ ಮೀನಿನ ಹೊಟ್ಟೆಯೊಳಗಿನ ಗಾಳಿಚೀಲ ಹಿಗ್ಗುತ್ತದೆ. ಟ್ರೌಟ್, ಕಾರ್ಪ್ ಜಾತಿಯವು ಆ ಗಾಳಿಯನ್ನು ಬಾಯಿಯ ಮೂಲಕ ಬಿಡಬಲ್ಲವು, ಪರ್ಚ್ ಜಾತಿಯವು ಬಿಡಲಾರವು. ಕಣ್ಣು ಉಬ್ಬಿ, ಜಠರವೇ ಬಾಯಿಯತ್ತ ಚಾಚಿಕೊಂಡು ಬಂದಿರುವ ಮೀನನ್ನು ನೀರಿಗೆ ಬಿಟ್ಟರೆ ಅದು ಮುಳುಗಲಾಗದೆ ಮೇಲೆಯೇ ತೇಲುತ್ತಿದ್ದು ಹಕ್ಕಿಗಳ ಪಾಲಾಗುತ್ತದೆ. ಬಿಡುವ ಉದ್ದೇಶವಿದ್ದರೆ ಆಳದಲ್ಲಿ ಗಾಳ ಹಾಕಬೇಡಿ. ಆಳದಲ್ಲಿ ಹಿಡಿದರೆ, ನಿಯಮ ಒಪ್ಪುವುದಾದರೆ, ಮನೆಗೆ ಕೊಂಡೊಯ್ದು ಅಡುಗೆ ಮಾಡಿ.

ಪ್ರಶ್ನೆ: ಒಂದು ಸರೋವರದಿಂದ ಇನ್ನೊಂದಕ್ಕೆ ದೋಣಿ ಒಯ್ಯುವಾಗ ತೊಳೆದು ಒಣಗಿಸಬೇಕೆಂದು ಫಲಕ ಹಾಕಿರುತ್ತಾರೆ. ಎರಡೂ ಸಿಹಿನೀರೇ ಅಲ್ಲವೇ?

ನೀರು ಸಿಹಿಯಾದರೂ ಅದರೊಳಗಿನ ಜೀವಿಗಳು ಬೇರೆ. ಕಪ್ಪು ಸಮುದ್ರ ಮತ್ತು ಕ್ಯಾಸ್ಪಿಯನ್ ಪ್ರದೇಶದ ಜೀಬ್ರಾ ಮಸೆಲ್ ಎಂಬ ಉಗುರಿನಷ್ಟು ದೊಡ್ಡ ಚಿಪ್ಪುಜೀವಿ ಹಡಗುಗಳು ಸಮತೋಲನಕ್ಕಾಗಿ ಒಡಲಲ್ಲಿ ತುಂಬಿಕೊಳ್ಳುವ ನೀರಿನೊಂದಿಗೆ ಉತ್ತರ ಅಮೆರಿಕಕ್ಕೆ ಬಂದು, 1988ರಲ್ಲಿ ಸೇಂಟ್ ಕ್ಲೇರ್ ಸರೋವರದಲ್ಲಿ ಪತ್ತೆಯಾಯಿತು. ಅಲ್ಲಿಂದ ಒಳನಾಡಿನ ಸರೋವರಗಳಿಗೆ ಅದನ್ನು ಹೊತ್ತೊಯ್ದದ್ದು ಬಹುಪಾಲು ಜನರ ಸ್ವಂತ ದೋಣಿಗಳೇ. ಅದರ ಮರಿಗಳು ಕಣ್ಣಿಗೆ ಕಾಣದಷ್ಟು ಚಿಕ್ಕವು, ದೋಣಿಯ ತಳದಲ್ಲಿ ಉಳಿದ ಒಂದು ಬಕೆಟ್ ನೀರಿನಲ್ಲೂ ಪ್ರಯಾಣ ಮಾಡಬಲ್ಲವು. ಅವು ನೀರಿನ ಸೂಕ್ಷ್ಮಜೀವಿಗಳನ್ನು ಸೋಸಿ ತಿನ್ನುವುದರಿಂದ ನೀರು ತಿಳಿಯಾಗುತ್ತದೆ, ನೋಡಲು ಚೆಂದ, ಆದರೆ ಮೀನುಮರಿಗಳ ಊಟ ಖಾಲಿಯಾಗಿರುತ್ತದೆ. ದೋಣಿಯ ತೂಬಿನ ಬಿರಡೆ ತೆಗೆದು ನೀರು ಪೂರ್ತಿ ಹರಿಯಬಿಡಿ, ಟ್ರೈಲರ್‌ಗೆ ಸಿಕ್ಕಿಕೊಂಡ ಜೊಂಡನ್ನು ಕೈಯಿಂದ ಕಿತ್ತು ಹಾಕಿ, ಕನಿಷ್ಠ 5 ದಿನ ಬಿಸಿಲಿನಲ್ಲಿ ಒಣಗಿಸಿ. ಎರೆಗೆಂದು ತಂದ ಜೀವಂತ ಮೀನುಮರಿಗಳು ಉಳಿದರೆ ಕನಿಕರದಿಂದ ಅವನ್ನು ಹೊಸ ಸರೋವರಕ್ಕೆ ಬಿಡಬೇಡಿ, ಅವಿದ್ದ ನೀರನ್ನೂ ಸರೋವರಕ್ಕೆ ಚೆಲ್ಲದೆ ದಡದಿಂದ ದೂರದ ನೆಲದ ಮೇಲೆ ಸುರಿಯಿರಿ.