ಕೊರಿಯಾದ ಗೊರ್ಯೊ ರಾಜ್ಯದಲ್ಲಿ ಸ್ಥಾಪಕ ತೀರಿಕೊಂಡ ಕೂಡಲೇ ಪಟ್ಟಕ್ಕಾಗಿ ಕಾದಾಟ ಶುರುವಾಗಿದ್ದೇಕೆ?

ಮುಖ್ಯ ಕಾರಣ ಸ್ಥಾಪಕ ವಾಂಗ್ ಗೊನ್‌ನ ಮದುವೆಗಳು. 918ರಲ್ಲಿ ಪಟ್ಟಕ್ಕೆ ಬಂದ ಅವನು, ಪ್ರಬಲ ಸ್ಥಳೀಯ ಮನೆತನಗಳನ್ನು ಜೊತೆಗಿಟ್ಟುಕೊಳ್ಳಲು ಅವರ ಹೆಣ್ಣುಮಕ್ಕಳನ್ನು ಮದುವೆಯಾಗುತ್ತಾ ಹೋದ. 29 ಹೆಂಡತಿಯರು, 25 ಗಂಡುಮಕ್ಕಳು! ರಾಜ್ಯವೇನೋ ಒಂದಾಯಿತು, ಆದರೆ ಎಷ್ಟೋ ರಾಜಕುಮಾರರ ಬೆನ್ನಿಗೆ ಬಲಾಢ್ಯ ತಾಯಿಮನೆಯೊಂದು ನಿಂತಿತು.

943ರಲ್ಲಿ ಪಟ್ಟವೇರಿದ ಹಿರಿಮಗ ಹ್ಯೇಜೊಂಗ್‌ಗೆ ಅಂಥ ಬೆಂಬಲವಿರಲಿಲ್ಲ. ಎರಡೇ ವರ್ಷಕ್ಕೆ ತೀರಿಕೊಂಡ. ತನ್ನ ಮಗಳ ಮಗನಾದ ರಾಜಕುಮಾರನನ್ನು ಗದ್ದುಗೆಗೇರಿಸಲು ದಂಗೆಯೆದ್ದನೆಂದು ವಾಂಗ್ ಗ್ಯು ಎಂಬ ಪ್ರಭಾವಿಯನ್ನು 945ರಲ್ಲಿ ಕೊಂದರು. ಇದು ಗೆದ್ದವರು ಕಟ್ಟಿದ ಕಥೆಯಿರಬಹುದೆಂಬ ಅನುಮಾನ ನನಗಿದೆ. ಪಟ್ಟ ಹ್ಯೇಜೊಂಗ್‌ನ ಮಲತಮ್ಮ ಜೊಂಗ್‌ಜೊಂಗ್‌ಗೆ ಹೋಯಿತು.

ಅವನ ಒಡಹುಟ್ಟಿದ ತಮ್ಮ ಗ್ವಾಂಗ್‌ಜೊಂಗ್ (949–975) ಮಾತ್ರ ಸಮಸ್ಯೆಯ ಬುಡಕ್ಕೇ ಕೈಹಾಕಿದ. 956ರಲ್ಲಿ, ಅನ್ಯಾಯವಾಗಿ ಗುಲಾಮರಾದವರನ್ನು ಬಿಡಿಸಿ ಮನೆತನಗಳ ಆಳುಬಲ ಮುರಿದ. 958ರಲ್ಲಿ ಅಧಿಕಾರಿಗಳ ಆಯ್ಕೆಗೆ ಪರೀಕ್ಷೆ ತಂದ. ವಿರೋಧಿಸಿದವರನ್ನು ನಿರ್ದಯವಾಗಿ ಕೊಲ್ಲಿಸಿದ.